ಅವ್ವನ ಪಾಲು

ಸೊಗಡವರೆಯ ಚೀಲ ಹೊತ್ತು ಚಿನ್ನಸ್ವಾಮಿ ಸಮೇತನಹಳ್ಳಿಯ ತಂಗಿ ಮನೆಗೆ ಬಂದಾಗ ಮುನಿರತ್ನಮ್ಮನಿಗೆ ಆದದ್ದು ಸಂತೋಷವಲ್ಲ, ಅನುಮಾನ. ಕಳೆದ ಎರಡು ಗೌರಿ ಹಬ್ಬಕ್ಕೂ ಬಾಗಿನ ತಾರದ ಅಣ್ಣ, ಹಬ್ಬವಿಲ್ಲ ಹರಿದಿನವಿಲ್ಲ, ಹೀಗೆ ಹಲ್ಲು ಬಿಟ್ಟುಕೊಂಡು ಬಂದಿದ್ದಾನೆ ಎಂದರೆ ಚೀಲದಲ್ಲಿ ಬರೀ ಅವರೆಕಾಯಿ ಇರಲಾರದು.

ಅಣ್ಣ ತಂಗಿಯ ಮಾತು ನಿಂತದ್ದು ಜಡಿಗೇನಹಳ್ಳಿಯ ಅಪ್ಪನ ಹೊಲದ ದೆಸೆಯಿಂದ. ಊರ ಹತ್ತಿರ ದೊಡ್ಡ ರಸ್ತೆ ಬರುತ್ತದೆ ಎಂದು ಸುದ್ದಿಯಾದದ್ದೇ ತಡ, ರಾಗಿ ಬಿಟ್ಟು ಬೇರೇನೂ ಕಾಣದ ನೆಲಕ್ಕೆ ಚಿನ್ನದ ಬೆಲೆ ಬಂತು. 'ನಂಗೆ ಪಾಲು ಬೇಡ ಅಂತ ಒಂದು ಸಹಿ ಹಾಕ್ಬಿಡಮ್ಮ' ಎಂದು ಅಣ್ಣ ಕೇಳಿದ್ದ. 'ಯಾಕೆ, ನಾನು ಅಪ್ಪನ ಮಗಳಲ್ವಾ?' ಎಂದು ಇವಳು ಕೇಳಿದ್ದಳು. ಅಲ್ಲಿಗೆ ತವರಿನ ದಾರಿಗೆ ಬೇಲಿ ಬಿದ್ದಿತ್ತು.

ಕಾಫಿ ಲೋಟ ಕೈಯಲ್ಲಿ ಹಿಡಿದು ಚಿನ್ನಸ್ವಾಮಿ ಗೋಡೆ ನೋಡುತ್ತಾ ಮಾತು ತೆಗೆದ.

"ರತ್ನಾ, ನಾಳೆ ಹತ್ತು ಗಂಟೆಗೆ ಹೊಸಕೋಟೆ ಬಸ್ ಸ್ಟ್ಯಾಂಡಿಗೆ ಬಾ. ಬೆಂಗಳೂರಲ್ಲಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನಿಂಗೊಂದು ರಕ್ತ ಪರೀಕ್ಷೆ ಮಾಡಿಸ್ಬೇಕು. ನಂದಾಯ್ತು."

"ನಂಗೇನು ಬಂದೈತೆ?"

"ಏನೂ ಬರ್ದೇ ಇರ್ಲಿ ಅಂತಾನೇ. ಎದೇದು ಸ್ಕ್ಯಾನೂ ಮಾಡ್ತಾರೆ."

ಎದೆ ಎಂದ ಕೂಡಲೇ ಅವಳ ಕೈ ತಾನಾಗಿ ಸೆರಗು ಎಳೆದುಕೊಂಡಿತು. ದಸರೆ ಹೊತ್ತಿಗೆ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು, ನೋವಿಲ್ಲ, ಅಲುಗಾಟವಿಲ್ಲ. ಗಂಡನಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಅವ್ವನಿಗೂ ಹೀಗೇ ಶುರುವಾಗಿತ್ತು. ಬಾಗಿಲು ಹಾಕಿಕೊಂಡು ಬೇವು, ಅರಿಶಿನ ಅರೆದು ಹಚ್ಚುತ್ತಿದ್ದ ಅವ್ವ ಕಡೆಗೆ ಹುಣ್ಣಿನ ವಾಸನೆಯಲ್ಲೇ ಸತ್ತಳು. ಕೇಳಿದವರಿಗೆಲ್ಲ ಕಾಮಾಲೆ ಎಂದರು. ಮನೆಯೊಳಗೂ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ತನ್ನ ಸೆರಗಿನೊಳಗಿನ ಗುಟ್ಟು ಈ ಅಣ್ಣನಿಗೆ ಹೇಗೆ ತಿಳಿಯಿತು?

"ಯಾರು ಹೇಳಿದ್ರು ನಿಂಗೆ?"

"ಡಾಕ್ಟ್ರು. ಒಡಹುಟ್ಟಿದೋರೆಲ್ಲ ಮಾಡಿಸ್ಕೋಬೇಕಂತೆ. ಅದೇನೋ ಡಿಎನ್‌ಎ ಅಂತಾರಲ್ಲ, ಅದು."

"ಯಾವ ಡಾಕ್ಟ್ರು? ನೀನ್ಯಾಕೆ ಅವ್ರ ಹತ್ರ ಹೋಗಿದ್ದೆ?"

ಚಿನ್ನಸ್ವಾಮಿ ಮತ್ತೆ ಗೋಡೆ ನೋಡಿದ. ಅವಳು ಮಾತು ಬದಲಿಸಿ ಅವನ ಮಗಳನ್ನು ವಿಚಾರಿಸಿದಳು. "ಹರ್ಷಿತ ಹೆಂಗವ್ಳೆ?"

"ಹರ್ಷಿತಾನಾ? ಕಂಪನಿಯೋರು ಹಾಸನಕ್ಕೆ ಟ್ರೈನಿಂಗ್‌ಗೆ ಕಳ್ಸವ್ರೆ. ಸದ್ಯಕ್ಕೆ ಬರಲ್ಲ." ಅಷ್ಟು ಹೇಳಿ, ಅರ್ಧ ಕಾಫಿ ಬಿಟ್ಟು ಎದ್ದೇಬಿಟ್ಟ.

ಮುನಿರತ್ನಮ್ಮನ ಗಂಡ ಆದಿನಾರಾಯಣಪ್ಪ ಬದುವಿನ ವ್ಯಾಜ್ಯಕ್ಕೆಂದು ಕೋರ್ಟಿಗೆ ಅಲೆದು ಅಲೆದು ಅರ್ಧ ವಕೀಲನಾಗಿದ್ದವನು. ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದೊಳಗೆ ಟೀ ಅಂಗಡಿಗೆ ಮುಟ್ಟಿಸದಿದ್ದರೆ ಅವನಿಗೆ ಉಂಡದ್ದು ಅರಗದು. ಹೆಂಡತಿ ಹೇಳಿದ್ದು ಕೇಳಿ ತೊಡೆ ತಟ್ಟಿದ.

"ಡಿಎನ್‌ಎ ಅಂದ್ನಾ? ಲೇ, ಅದು ಕೋರ್ಟಲ್ಲಿ ಮಾಡ್ಸೋದು ಕಣೇ! ಮಗು ಯಾರ್ದು ಅಂತ ತಕರಾರು ಬಂದಾಗ. ನೀನು ನಿಮ್ಮಪ್ಪನ ಮಗಳೇ ಅಲ್ಲ ಅಂತ ಆಸ್ಪತ್ರೇಲಿ ಬರಸ್ಕೊಂಡ್ಬಿಟ್ರೆ ಆಯ್ತು, ಪಾಲೂ ಇಲ್ಲ, ನಿನ್ನ ಸಹೀನೂ ಬೇಡ. ಎದೆ ಗಿದೆ ಎಲ್ಲಾ ನೆಪ!"

ಮೊದಲು ಅವಳಿಗೆ ನಗು ಬಂತು. ಅವರೆಕಾಳು ನೆನೆಸಿ ಹಿದುಕಲು ಕೂತಾಗ ನಗು ಹೋಗಿ ಸಿಟ್ಟು ಬಂತು. ಅಣ್ಣ ಕಣ್ಣಿಗೆ ಕಣ್ಣು ಕೊಡದೆ ಮಾತಾಡಿದ್ದು ಯಾಕೆ? ಕಾಫಿ ಅರ್ಧಕ್ಕೇ ಬಿಟ್ಟದ್ದು ಯಾಕೆ? ಪಾಲಿನ ಆಸೆಗೆ, ಸತ್ತ ಅವ್ವನ ಮೇಲೇ ಕೆಸರು ಎರಚುವುದೇ? ಹಿದುಕಿದರೆ ಕಾಳು ಸಿಪ್ಪೆ ಬಿಟ್ಟು ಪುಳಕ್ಕನೆ ಜಾರಿ ಬೀಳುತ್ತಿತ್ತು. ಅವಳೊಳಗಿನದು ಹಾಗೆ ಜಾರುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು, ಭಯವೂ ಇತ್ತು. ಆದರೆ ಆ ಹೊತ್ತಿಗೆ ಭಯಕ್ಕಿಂತ ಸಿಟ್ಟೇ ಹಿತವಾಗಿತ್ತು.

ಬೆಳಗಾದ ಮೇಲೆ ಹೊಸಕೋಟೆಗೆ ಹೋದಳು ನಿಜ, ಆದರೆ ಅಣ್ಣ ಹೇಳಿದ ಹೊತ್ತಿಗಿಂತ ಬಹಳ ಮುಂಚೆಯೇ. ಅಲ್ಲಿ ಬಸ್ಸು ಬದಲಿಸಿ ನೇರ ಜಡಿಗೇನಹಳ್ಳಿಗೆ ಹೋದಳು. ಆಸ್ಪತ್ರೆಯವರ ಮುಂದಲ್ಲ, ಅಪ್ಪ ಕಟ್ಟಿಸಿದ ಮನೆಯ ಜಗಲಿಯ ಮೇಲೇ ನಾಲ್ಕು ಜನರ ಮುಂದೆ ಕೇಳಿಬಿಡಬೇಕು, ನಾನು ಯಾರ ಮಗಳೋ ಹೇಳು ಅಂತ.

ಅಣ್ಣ ಡೇರಿಗೆ ಹಾಲು ಹಾಕಲು ಹೋಗಿದ್ದ, ಅತ್ತಿಗೆ ಹೊಲದಲ್ಲಿದ್ದಳು. ಬಾಗಿಲಿಗೆ ಮಾತ್ರ ಒಳಗಿನಿಂದ ಅಗಳಿ. ತಟ್ಟಿದರೆ ಒಳಗೆ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ಹಾಡಹಗಲಲ್ಲಿ ಅಗಳಿ ಹಾಕಿಕೊಂಡು ಕೂರುವ ಮನೆ ಈ ಊರಲ್ಲಿ ಯಾವುದಿದೆ? ಇವಳು ಹುಟ್ಟಿ ಬೆಳೆದ ಮನೆ, ಹಿತ್ತಿಲ ಬಾಗಿಲನ್ನು ಹೇಗೆ ಎತ್ತಿ ನೂಕಿದರೆ ತೆರೆಯುತ್ತದೆಂದು ಗೊತ್ತು. ನೂಕಿದಳು.

ನಡುಮನೆಯ ಮಂಚದ ಮೇಲೆ ಯಾರೋ ಬೋಳು ತಲೆಯ ಹುಡುಗ ಕೂತಿದ್ದ. ಗಾಬರಿಯಿಂದ ಟವೆಲ್ ಎಳೆದು ತಲೆಗೆ ಸುತ್ತಿಕೊಳ್ಳುತ್ತಾ ತಿರುಗಿದಾಗ, ಅದು ಹುಡುಗನಲ್ಲ, ಹರ್ಷಿತ. ಸೊಂಟ ಮುಟ್ಟುತ್ತಿದ್ದ ಆ ಜಡೆಗೆ ಮುನಿರತ್ನಮ್ಮ ಎಷ್ಟು ಸಲ ಎಣ್ಣೆ ಹಚ್ಚಿದ್ದಳೋ.

"ಅತ್ತೆ..." ಎಂದಳು ಹುಡುಗಿ. "ಯಾರಿಗೂ ಹೇಳ್ಬೇಡ."

ಮುನಿರತ್ನಮ್ಮ ಮಂಚದ ಅಂಚಿಗೆ ಕೂತು ಆ ಟವೆಲನ್ನು ಮೆಲ್ಲಗೆ ತೆಗೆದಳು.

"ಅವ್ವನ ಕಾಯಿಲೇನಾ?"

"ಹೂಂ. ಆದ್ರೆ ನಂದು ಬೇಗ ಗೊತ್ತಾಯ್ತು. ಔಷಧಿಗೆ ಕರಗ್ತಾ ಇದೆ, ಆಮೇಲೆ ಆಪರೇಷನ್. ಕೂದ್ಲು ಮತ್ತೆ ಬರುತ್ತಂತೆ."

"ನನ್ನಿಂದ ಯಾಕೆ ಮುಚ್ಚಿಟ್ರಿ? ನಾನೇನು ಹೊರಗಿನೋಳಾ?"

"ನಿನ್ನಿಂದಲ್ಲ ಅತ್ತೆ, ಮಾವನಿಂದ. ಮಾವನಿಗೆ ತಿಳಿದ್ರೆ ಸಂಜೆಯೊಳಗೆ ಇಡೀ ತಾಲ್ಲೂಕಿಗೆ ತಿಳಿಯುತ್ತೆ, ಇನ್ನು ಮದುವೆ ಮಾತೇ ಎತ್ತಂಗಿಲ್ಲ ಅಂತ ಅಪ್ಪನ ಭಯ."

ಮುನಿರತ್ನಮ್ಮನಿಗೆ ಗಂಡ ದಿನಾ ಕೂರುವ ಟೀ ಅಂಗಡಿ ನೆನಪಾಯಿತು.

"ಮತ್ತೆ ಡಿಎನ್‌ಎ? ನಾನು ನಿಮ್ಮಜ್ಜನ ಮಗಳಲ್ಲ ಅಂತ ತೋರ್ಸೋಕಲ್ವಾ?"

ಹರ್ಷಿತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಸ್ತಾಗಿ ದಿಂಬಿಗೆ ಒರಗಿದಳು. "ಅಯ್ಯೋ ಅತ್ತೆ! ಡಿಎನ್‌ಎಲಿರೋ ಈ ದೋಷ ಅಜ್ಜಿ ಕಡೆಯಿಂದ ಬಂದಿರೋದು. ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನಂಗೆ. ಗಂಡಸರಿಗೆ ಈ ಕಾಯಿಲೆ ಅಪರೂಪ, ಅದಕ್ಕೇ ಅಪ್ಪ ಚೆನ್ನಾಗೇ ಇದಾರೆ. ನಿಂಗೆ ಬಂದಿರಬಹುದು, ಬರ್ದೇನೂ ಇರಬಹುದು. ಅಜ್ಜಿಯ ಪಾಲು ನಿಂಗೂ ಬಂದಿದೆಯಾ ಅಂತ ನೋಡೋದು, ಅಷ್ಟೇ."

ಮುನಿರತ್ನಮ್ಮ ಹುಡುಗಿಯ ಕೈ ಹಿಡಿದು ತನ್ನ ಸೆರಗಿನೊಳಗೆ, ಎಡಗಡೆಗೆ ಇಟ್ಟುಕೊಂಡಳು.

"ಬಂದೈತೆ ಅನ್ಸುತ್ತೆ ಕಣೇ," ಎಂದಳು.

ಹರ್ಷಿತಳ ಮುಖದ ನಗು ಹೋಯಿತು. "ಯಾವಾಗಿಂದ?"

"ದಸರೆಯಿಂದ."

"ಅಯ್ಯೋ ಅತ್ತೆ! ಎಲ್ಲಾ ಗಂಟೂ ಅದೇ ಆಗಿರಲ್ಲ, ಹೆದರ್ಬೇಡ. ಆದ್ರೆ ಇನ್ನು ಒಂದು ದಿನಾನೂ ಕಾಯೋದು ಬೇಡ. ರಕ್ತ ಪರೀಕ್ಷೆ ಆಮೇಲಾಗ್ಲಿ. ಮೊದ್ಲು ಸ್ಕ್ಯಾನು, ಆಮೇಲೆ ಸೂಜಿ ಹಾಕಿ ಒಂಚೂರು ತೆಗೆದು ನೋಡ್ತಾರೆ. ನೋವಾಗಲ್ಲ ಅಂತ ಸುಳ್ಳು ಹೇಳಲ್ಲ, ತಡ್ಕೋಬಹುದು."

ಇಷ್ಟು ದಿನ ಒಬ್ಬಳೇ ಹೊತ್ತಿದ್ದನ್ನು ಇಳಿಸಿದ ಮೇಲೆ ಮುನಿರತ್ನಮ್ಮ ಗಟ್ಟಿಯಾಗಿಯೇ ಅತ್ತಳು. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದ ಚಿನ್ನಸ್ವಾಮಿ ಹಿತ್ತಿಲ ಬಾಗಿಲಲ್ಲಿ ಬಂದು ನಿಂತ. ತಂಗಿಯನ್ನು, ಮಗಳ ಬರಿತಲೆಯನ್ನು ನೋಡಿದ.

"ಭಾವನಿಗೂ ಗೊತ್ತಾಗೋಯ್ತಾ?" ಎಂದ ಮೊದಲಿಗೆ.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಸಿಡಿದಳು ಮುನಿರತ್ನಮ್ಮ. "ಮಗಳು ಹಿಂಗೆ ಕೂತವ್ಳೆ, ನಿಂಗೆ ಭಾವನ ಚಿಂತೆ! ನಿನ್ನೆ ಅವರೆಕಾಯಿ ಹೊತ್ಕೊಂಡು ಬರೋ ಬದ್ಲು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಡಿ, ಆಟೋ ಕರ್ಕೊಂಡ್ ಬಾ. ಆಸ್ಪತ್ರೆಗೆ ಹೋಗೋಣ."

ಚಿನ್ನಸ್ವಾಮಿ ಕ್ಯಾನು ಕೆಳಗಿಟ್ಟ. ಹೊರಟವನು ಹೊಸ್ತಿಲಲ್ಲಿ ನಿಂತು, ತಲೆ ಕೆರೆದುಕೊಂಡ.

"ರತ್ನಾ... ಅಲ್ಲಿ ಒಪ್ಪಿಗೆ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸ್ಕೋತಾರೆ. ದೇವ್ರಾಣೆಗೂ ಅದು ಹೊಲದ್ದಲ್ಲ."

ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಕ್ತೀನಿ," ಎಂದಳು. "ಆದ್ರೆ ಓದಿ ಹೇಳೋದು ಹರ್ಷಿತ. ನೀನಲ್ಲ."