ನಾಲ್ಕನೆಯ ಸೆಮಿಸ್ಟರಿಗೆ ತಳ್ಳಿದ ವಿಷಯ

ಸೀಟಿ ಮೇಷ್ಟ್ರು ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಕಂಡವರಿಲ್ಲ. ಎದುರಿಗೆ ಬಂದವರು ಯಾರೇ ಆಗಲಿ, ಅವರ ಹಿಮ್ಮಡಿ ಸವೆದ ಬಗೆಯನ್ನೂ ಮಂಡಿ ಮಡಿಚುವ ಲಯವನ್ನೂ ಸೊಂಟದ ಸಣ್ಣ ಓರೆಯನ್ನೂ ಕಣ್ಣಲ್ಲೇ ಅಳೆದು ಮುಗಿಸಿದ ಮೇಲಷ್ಟೇ, "ಅಂದ್ರೆ ನೋಡಿ..." ಎಂದು ಬಾಯಿ ತೆರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸೀಟಿ ಊದಿ ಶಾಲಾ ಮಕ್ಕಳಿಗೆ ಕವಾಯತು ಕಲಿಸಿ, ತಲೆ ನರೆತ ಮೇಲೆ, ಜಿಪ್ಪು ಕೆಟ್ಟ ಅದೇ ಕವಾಯತಿನ ನೀಲಿ ಕೋಟಿನಲ್ಲಿ ದೇಹಚಲನ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಸೇರಿದರು. ಪರಿಚಯದ ದಿನ ಹುಡುಗಿಯೊಬ್ಬಳು ಇವರನ್ನು ಅಟೆಂಡರ್ ಎಂದುಕೊಂಡು ಫ್ಯಾನು ಹಾಕಲು ಹೇಳಿದಳಂತೆ. ಹೋಗಿ ಹಾಕಿ ಬಂದು ಅವಳ ಪಕ್ಕದಲ್ಲೇ ಕುಳಿತರು.

ಓದಬೇಕಾದ ವಿಷಯಗಳನ್ನು ನಾಲ್ಕು ಸೆಮಿಸ್ಟರುಗಳಿಗೆ ಹಂಚಿ, ಒಂದು ಹಾಳೆಯಲ್ಲಿ ಬರೆದು, ವಿಭಾಗದ ಮೇಡಂ ಸಹಿ ಪಡೆಯಬೇಕಿತ್ತು. ಮೇಷ್ಟ್ರ ಹಾಳೆಯಲ್ಲಿ ಎಲ್ಲವೂ ಅಚ್ಚುಕಟ್ಟು. ಆದರೆ ಮೊದಲೇ ಮುಗಿಸಬೇಕಾದ ಅಂಗರಚನಾಶಾಸ್ತ್ರ, ಎಂದರೆ ಶವ ಕೊಯ್ದು ಕಲಿಯುವ ವಿಷಯ, ಕೊನೆಯ ಸೆಮಿಸ್ಟರಿನ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಸ್ನಾಯು ಗೊತ್ತಿಲ್ಲದೆ ನಡಿಗೆಯ ವಿಶ್ಲೇಷಣೆ ಹೇಗೆ ಓದುತ್ತೀರಿ ಎಂದು ಮೇಡಂ ಎರಡು ಸಲ ಹಾಳೆ ಹಿಂದಿರುಗಿಸಿದರು. ಮೂರನೆಯ ಸಲವೂ ಹಾಗೆಯೇ ಬಂದಾಗ ತಾಳ್ಮೆಗೆಟ್ಟು, ಹಾಗಾದರೆ ಸೀಟೇ ಬಿಟ್ಟುಬಿಡಿ ಎಂದರು. ಮೇಷ್ಟ್ರು ಅವರ ಚಪ್ಪಲಿಯನ್ನೇ ನೋಡುತ್ತ ಹೇಳಿದರು:

"ನಮ್ಮಕ್ಕ ಇಲ್ಲೇ ಕೆಳಗಡೆ ಇದ್ದಾಳೆ, ಮೇಡಂ. ತೀರಿಕೊಂಡು ಏಳು ತಿಂಗಳಾಯ್ತು."

ತಾಯಿಯಿಲ್ಲದ ತಮ್ಮನನ್ನು, ಪರರ ಬಟ್ಟೆ ಇಸ್ತ್ರಿ ಮಾಡಿ, ಹಗಲೆಲ್ಲ ನಿಂತೇ ಸಾಕಿದ ಅಕ್ಕ ಆಕೆ. ನಡೆಯಲು ಕಲಿತಂದಿನಿಂದ ಎಡಗಾಲು ಕುಂಟು. ಯಾಕೆ ಹೀಗೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಸತ್ತ ಮೇಲಾದರೂ ಯಾರಾದರೂ ತೆಗೆದು ನೋಡಲಿ ಎಂದು ದೇಹವನ್ನು ಇದೇ ಕಾಲೇಜಿಗೆ ಬರೆದುಕೊಟ್ಟಿದ್ದಳು. ಆ ಕುಂಟುನಡಿಗೆಯನ್ನು ಅವಳ ಬೆನ್ನ ಹಿಂದೆಯೇ ಅಣಕಿಸಿ, ಶಾಲೆಯ ದಾರಿಯುದ್ದಕ್ಕೂ ಗೆಳೆಯರನ್ನು ನಗಿಸಿದ ಮಹಾನುಭಾವ ಈ ತಮ್ಮನೇ. ಒಂದು ದಿನ ಅವಳು ತಿರುಗಿ ನೋಡಿಬಿಟ್ಟಳು. ಬೈಯಲಿಲ್ಲ. ಮರುದಿನದಿಂದ ಅವನನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದಳು.

ಮೇಡಂ ಕಠಿಣ ಹೆಂಗಸು, ಕಲ್ಲೇನಲ್ಲ. ವಿಶೇಷ ಅನುಮತಿ ಕೊಡಿಸುತ್ತೇನೆ, ನಾಲ್ಕನೆಯ ಸೆಮಿಸ್ಟರಿನ ಹೊತ್ತಿಗೆ ಈಗಿರುವ ದೇಹಗಳ ಅಂತ್ಯಕ್ರಿಯೆ ಮುಗಿದಿರುತ್ತದೆ ಎಂದರು. ಮೇಷ್ಟ್ರಿಗೆ ಬೇಕಾಗಿದ್ದುದೂ ಅದೇ. ಆದರೂ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಅವಳ ಕಾಲನ್ನ ಯಾರೂ ಸರಿಯಾಗಿ ನೋಡದೇನೇ ಕಳಿಸಿಬಿಟ್ರೆ?"

ಹಿಂದಿರುಗಿ ಬಂದು ತಾವೇ ಹಾಳೆ ತಿದ್ದಿ, ಆ ವಿಷಯವನ್ನು ಮೊದಲ ಸೆಮಿಸ್ಟರಿಗೇ ಬರೆದುಕೊಟ್ಟರು.

ಶವ ಕೊಯ್ಯುವ ಕೋಣೆಯಲ್ಲಿ ಮೇಡಂ ಮುಂಜಾಗ್ರತೆಯಿಂದ ಅವರನ್ನು ಅಕ್ಕನಿಲ್ಲದ ಬೇರೆ ಮೇಜಿಗೆ ಹಾಕಿಸಿದ್ದರು. ಶವಗಳ ಮುಖಕ್ಕೆಲ್ಲ ಬಟ್ಟೆ ಹೊದಿಸಿತ್ತು. ಮೂರನೆಯ ವಾರ ಪಕ್ಕದ ಮೇಜಿನಿಂದ ಬೋಧಕರ ದನಿ ಕೇಳಿತು. ಎಡಸೊಂಟದ ಕೀಲು ಹುಟ್ಟುವಾಗಲೇ ಜಾರಿದೆ ಎಂದು ವಿವರಿಸುತ್ತಿದ್ದರು.

"ಕೂಸಾಗಿದ್ದಾಗ ಯಾರಾದ್ರೂ ಗಮನಿಸಿ ಪಟ್ಟಿ ಕಟ್ಟಿದ್ರೆ ಸಾಕಿತ್ತು. ಕೆಲವೇ ತಿಂಗಳಲ್ಲಿ ಸರಿಹೋಗ್ತಿತ್ತು."

ಮೇಷ್ಟ್ರು ಕೈಯಲ್ಲಿದ್ದ ಚಿಮಟ ಕೆಳಗಿಟ್ಟು, ಹೋಗಿ ಆ ಮೇಜಿನ ಬಳಿ ನಿಂತರು. ಎಲ್ಲರೊಡನೆ ಬಗ್ಗಿ ನೋಡಿದರು, ಎಲ್ಲರಂತೆ ಬರೆದುಕೊಂಡರು.

ಎಳವೆಯಲ್ಲಿ ನಕ್ಕ ಒಂದು ನಗುವಿಗೆ ಉಳಿದ ಆಯುಷ್ಯವನ್ನು ಓದಿಗೆ ತೆರುವ ಜನ ನಮ್ಮ ನಡುವೆ ಇದ್ದಾರೆ. ಗೊತ್ತಿಲ್ಲದ ನಾವು ಅವರನ್ನು ಜ್ಞಾನದಾಹಿಗಳೆಂದು ಹೊಗಳುತ್ತೇವೆ. ಪಾಪ, ಅವರಿಗೆ ಕೊನೆಗೊಂದು ದಿನ ಉತ್ತರ ಸಿಕ್ಕೇ ಸಿಗುತ್ತದೆ. ಓಡಿ ಹೋಗಿ ಹೇಳೋಣವೆಂದರೆ, ಕೇಳಬೇಕಾದವರು ಅದೇ ಮೇಜಿನ ಮೇಲೆ ಮಲಗಿರುತ್ತಾರೆ.