ಮೂರು ಗಂಟೆಯ ಬಾವಿ

ಬಸ್ರಾದ ಜುಮ್ಹೂರಿಯಾ ಬಡಾವಣೆಯಲ್ಲಿ ಮುಅಯ್ಯದನ ಗೇಮ್ ಅಂಗಡಿ. ಅಲ್ಲಿ ಹತ್ತು ಸಾವಿರ ಆಟಗಳಿದ್ದವು. ಅಷ್ಟೂ ಸೋಪಿನ ಡಬ್ಬಿಯಷ್ಟೇ ಇರುವ ಪೆಟ್ಟಿಗೆಯೊಂದರಲ್ಲಿ ತುಂಬಿಕೊಂಡು ಬಂದಿದ್ದವು. ಪ್ರತಿ ತೆರೆಗೂ ಅಂಥದ್ದೊಂದು ಪೆಟ್ಟಿಗೆ, ಅದರ ಬೆಲೆ ಇಬ್ಬರು ಹೊಟ್ಟೆ ತುಂಬ ಕಬಾಬ್ ತಿನ್ನುವಷ್ಟು. ಹುಡುಗರು ಬರುತ್ತಿದ್ದರು, ಕೂರುತ್ತಿದ್ದರು, ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸುತ್ತಿದ್ದರು. ಒಂದು ಆಟ ತೆರೆದು, ಮೊದಲ ಸಲ ಸತ್ತ ಕೂಡಲೇ ಮುಚ್ಚಿ ಇನ್ನೊಂದು ತೆರೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಎಂಟು ಆಟ ಮುಟ್ಟಿ, ಒಂದನ್ನೂ ಆಡದೆ, ಬೇಜಾರು ಎಂದು ಎದ್ದು ಹೋಗುತ್ತಿದ್ದರು.

ಮುಅಯ್ಯದನಿಗೂ ಸಾಕಾಗಿತ್ತು. ಮೊಬೈಲ್ ಕವರ್ ಮಾರುವವನೊಬ್ಬ ಜಾಗ ಕೇಳಿದ್ದ. ಅಂಗಡಿ ತೀರಿಹೋದ ಅಪ್ಪನದು, ಬಾಡಿಗೆಗೆ ಕೊಡಲು ಅಕ್ಕ ವಿಜ್ದಾನಳ ಸಹಿಯೂ ಬೇಕಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ವಿಜ್ದಾನ್‌ಗೆ ನಲವತ್ತು ವರ್ಷ. ಟೀಚರಾದ್ದರಿಂದ ಬೀದಿಯವರೆಲ್ಲ ಅವಳನ್ನು 'ಸಿತ್' ಎಂದೇ ಕರೆಯುತ್ತಿದ್ದರು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದಳು.

"ಸಹಿ ಹಾಕಕ್ಕ, ತಲೆ ತಿನ್ಬೇಡ," ಎಂದ ಮುಅಯ್ಯದ್. "ಯಾರಿಗೂ ಆಟ ಬೇಕಾಗಿಲ್ಲ. ಅಲ್ಲಿ ನೋಡು ಅವನ್ನ."

ಮೂಲೆಯಲ್ಲಿ ಟುಕ್‌ಟುಕ್ ಓಡಿಸುವ ದುರ್ಗಾಮ್ ಕೂತಿದ್ದ. ಇಪ್ಪತ್ತರ ಹುಡುಗ. ಹೊರಗೆ ಐವತ್ತು ಡಿಗ್ರಿ ಬಿಸಿಲು. ಅವನು ಬರುತ್ತಿದ್ದುದೇ ಏಸಿಗೆ. ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿ ಪಟ್ಟಿ ಉರುಳಿಸುತ್ತಿದ್ದ.

ವಿಜ್ದಾನ್ ಅವನ ಹಿಂದೆ ಹೋಗಿ ನಿಂತಳು. "ಏನಪ್ಪಾ ಹುಡುಕ್ತಿದೀಯ?"

"ಗೊತ್ತಿಲ್ಲ ಸಿತ್. ಸಿಕ್ಕಿದ್ಮೇಲೆ ಗೊತ್ತಾಗುತ್ತೆ."

"ಇದುವರೆಗೆ ಎಷ್ಟು ಆಟ ಮುಗಿಸಿದೀಯ?"

"ಮುಗಿಸೋದಾ?" ದುರ್ಗಾಮ್ ನಕ್ಕ. "ಯಾಕೆ ಮುಗಿಸ್ಬೇಕು? ಇನ್ನೊಂದು ಇದ್ಯಲ್ಲ."

ಅಷ್ಟರಲ್ಲಿ ತೆರೆಯ ಮೇಲೆ ಒಂದು ಚಿತ್ರ ಹಾದುಹೋಯಿತು. ಕಲ್ಲಿನ ಬಾಯಿ, ಅದರ ಅಂಚಿನಲ್ಲಿ ಒಂದೇ ಕೈಯ ಸೈನಿಕ.

"ನಿಲ್ಸು! ಹಿಂದೆ ಹೋಗು," ಎಂದಳು ವಿಜ್ದಾನ್. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಮುಅಯ್ಯದ್, ಬಾವಿ ಕಣೋ. ನಮ್ಮ ಬಾವಿ!"

ಆಟದ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಜಪಾನಿ ಭಾಷೆಯಲ್ಲಿತ್ತು. ದೇಶಕ್ಕೆ ಹೊರಗಿನ ಸರಕು ಬಾರದ ದಿಗ್ಬಂಧನದ ವರ್ಷಗಳಲ್ಲಿ ಮಾವನೊಬ್ಬ ಅಮ್ಮಾನಿನಿಂದ ಸೂಟ್‌ಕೇಸಿನಲ್ಲಿ ಒಂದು ಆಟದ ಯಂತ್ರ ಮತ್ತು ಒಂದು ಡಿಸ್ಕ್ ತಂದಿದ್ದ. ಇಡೀ ಬೀದಿಗೆ ಅದೊಂದೇ. ಆಡಿದಷ್ಟನ್ನು ಉಳಿಸಿಡುವ ಕಾರ್ಡು ಇರಲಿಲ್ಲ. ಈಗಿನಂತೆ ಜನರೇಟರೂ ಇರಲಿಲ್ಲ, ಕರೆಂಟು ಮೂರು ಗಂಟೆ ಇದ್ದರೆ ಮೂರು ಗಂಟೆ ಇಲ್ಲ. ಹಾಗಾಗಿ ಮೂರು ಗಂಟೆಯೊಳಗೆ ಬಾವಿಯ ತಳ ಮುಟ್ಟಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಆಗ ಹದಿನಾಲ್ಕರ ವಿಜ್ದಾನ್ ಒಂದು ನೋಟ್‌ಬುಕ್ಕಿನಲ್ಲಿ ಆ ಅಕ್ಷರಗಳ ಆಕಾರ ಬರೆದುಕೊಂಡಳು. ಕುರ್ಚಿಯಂತಿರುವ ಅಕ್ಷರ ಬಂದರೆ ಔಷಧಿ. ಬಾಲ ಇರುವುದು ಬಂದರೆ ಬಾಗಿಲು. ಕೆಳಗಿನ ದ್ವಾರದಲ್ಲಿ ಕೂತ ಕುರುಡು ಮುದುಕಿ ಏನೋ ಕೇಳುತ್ತಾಳೆ, ನಾಲ್ಕು ಉತ್ತರಗಳಿವೆ, ತಪ್ಪಿದರೆ ಎತ್ತಿ ಮೇಲಕ್ಕೆ ಎಸೆಯುತ್ತಾಳೆ. ಸರಿಯಾದದ್ದು ಮೂರನೆಯದು. ಬೀದಿಯ ಮಕ್ಕಳೆಲ್ಲ ಸೇರಿ ತಳ ಮುಟ್ಟಲು ಏಳು ತಿಂಗಳು ಹಿಡಿಯಿತು. ಆಮೇಲೆ ವಿಜ್ದಾನ್ ಒಬ್ಬಳೇ ಎರಡು ಗಂಟೆ ನಲವತ್ತೊಂದು ನಿಮಿಷದಲ್ಲಿ ಮುಗಿಸಿದಳು. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಬೀದಿಯ ಮಾಂಸದಂಗಡಿಯವನು ಇಂದಿಗೂ ಅವಳಿಗೆ ಒಳ್ಳೆಯ ತುಂಡು ತೆಗೆದಿಡುವುದು ಟೀಚರೆಂಬ ಗೌರವಕ್ಕಲ್ಲ, ಆ ನಲವತ್ತೊಂದು ನಿಮಿಷಕ್ಕೆ.

"ಒಂದು ತಿಂಗಳು ಕೊಡು," ಎಂದಳು ತಮ್ಮನಿಗೆ. "ಉಳಿದದ್ದನ್ನೆಲ್ಲ ಲಾಕ್ ಮಾಡು. ಇದೊಂದೇ ಇರ್ಲಿ. ತಿಂಗಳ ಕೊನೇಲಿ ಈ ಹುಡುಗರಲ್ಲಿ ಒಬ್ಬನಿಗಾದ್ರೂ ಆಟದ ರುಚಿ ಹತ್ತಿರ್ಲಿಲ್ಲ ಅಂದ್ರೆ ಸಹಿ ಹಾಕ್ತೀನಿ."

"ಹತ್ತಿದೆ ಅಂತ ತೀರ್ಪು ಕೊಡೋರ್ಯಾರು? ನೀನಾ?"

"ನೀನೇ ಕೊಡು. ನೀನೂ ಆ ಬಾವೀಲಿ ಬಿದ್ದೋನೇ ಅಲ್ವಾ?"

ಮುಅಯ್ಯದ್ ತಲೆ ಕೆರೆದುಕೊಂಡು ಒಪ್ಪಿದ. ಅಂಗಡಿ ಹೇಗೂ ಹೋಗುವುದೇ, ಒಂದು ತಿಂಗಳಲ್ಲಿ ಹೋಗುವುದೇನು ಎನ್ನುವ ಲೆಕ್ಕ.

ಮೊದಲ ವಾರ ಬೈಗುಳವೋ ಬೈಗುಳ. ಅರ್ಧದಷ್ಟು ಹುಡುಗರು ಬರುವುದನ್ನೇ ಬಿಟ್ಟರು. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಲು ನೋಡಿದವರಿಗೆ ಆ ಹಳೆಯ ಒಡಕು ಅಕ್ಷರಗಳು 'ಮಾನ್ಯ ಮೀನು ತೋಯುತ್ತದೆ' ಎಂದು ತೋರಿಸಿದವು. ವಿಜ್ದಾನ್ ದಿನಾ ಮಧ್ಯಾಹ್ನ ಬಂದು ಹಿಂದೆ ನಿಂತು ಕಲಿಸಿದಳು. ಬಲಕ್ಕೆ, ಬಲಕ್ಕೆ, ಜಿಗಿ, ಬಾಗಿಲು ಮುಟ್ಟಬೇಡ. ಗೋಡೆಗೆ ಕಾಗದ ಅಂಟಿಸಿ ತನ್ನ ಎರಡು ಗಂಟೆ ನಲವತ್ತೊಂದು ನಿಮಿಷವನ್ನು ದೊಡ್ಡದಾಗಿ ಬರೆದಳು. ಸುದ್ದಿ ತಿಳಿದು ಆ ಕಾಲದವರೂ ಬಂದರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರೊಬ್ಬರು ಕ್ಲಿನಿಕ್ ಮುಚ್ಚಿ ಬಂದು, ನಮ್ಮ ಬೀದಿಯಲ್ಲಿ ಕುರ್ಚಿ ಅಕ್ಷರಕ್ಕೆ ಒಂಟೆ ಎನ್ನುತ್ತಿದ್ದೆವು ಎಂದು ಜಗಳ ತೆಗೆದರು.

"ಇವ್ರನ್ನ ಲೆಕ್ಕಕ್ಕೆ ಹಿಡಿಯಲ್ಲ," ಎಂದ ಮುಅಯ್ಯದ್. "ಇವ್ರು ಬರೋದು ಹಳೇ ನೆನಪಿಗೆ. ಹುಡುಗರ ಮಾತು ಹೇಳು."

ಹುಡುಗರಲ್ಲಿ ಚುರುಕಾದವನು ಸಫಾ. ಮೂರನೆಯ ವಾರ ಅವನು ಮೂರು ಗಂಟೆ ಹತ್ತು ನಿಮಿಷದಲ್ಲಿ ತಳ ಮುಟ್ಟಿದ. ವಿಜ್ದಾನ್ ಚಪ್ಪಾಳೆ ತಟ್ಟಿದಳು. ಸಫಾ ಜಾಯ್‌ಸ್ಟಿಕ್ ಕೆಳಗಿಟ್ಟು, "ಮುಗೀತಲ್ಲ, ಇನ್ನೇನಿದೆ?" ಎಂದು ಎದ್ದು ಹೋದವನು ಮತ್ತೆ ಬರಲಿಲ್ಲ.

ಅದು ವಿಜ್ದಾನ್‌ಗೆ ಚುಚ್ಚಿತು. ಒಂದೇ ಆಟ ಕೊಟ್ಟು ಕೂರಿಸಿದರೆ ಪ್ರೀತಿ ತಾನಾಗಿ ಬರುತ್ತದೆ ಎಂದುಕೊಂಡಿದ್ದಳು. ಅವಳು ಹೇಳಿಕೊಟ್ಟ ದಾರಿಯನ್ನು ಅವನು ಪಾಠದಂತೆ ಒಪ್ಪಿಸಿ ಹೋಗಿದ್ದ, ಅಷ್ಟೆ. ತಮ್ಮ ಬಾಡಿಗೆ ಕಾಗದವನ್ನು ಮೇಜಿನ ಮೇಲೆ ತಂದಿಟ್ಟ.

ತಿಂಗಳಿಗೆ ಎರಡು ದಿನ ಉಳಿದಿತ್ತು. ವಿಜ್ದಾನ್ ಬಂದಾಗ ದುರ್ಗಾಮ್ ಮುದುಕಿಯ ದ್ವಾರದ ಮುಂದೆ ನಿಂತಿದ್ದ. ಎಲ್ಲರಿಗಿಂತ ನಿಧಾನ ಅವನೇ. ಈ ದ್ವಾರಕ್ಕೆ ಬರಲು ಅವನಿಗೆ ಮೂರು ಗಂಟೆ ಬೇಕಾಗುತ್ತಿತ್ತು.

"ಏನೋ, ಟುಕ್‌ಟುಕ್ಕನ್ನೂ ಹೀಗೇ ಓಡಿಸ್ತೀಯಾ? ಹತ್ತಿದ ಗಿರಾಕಿ ಮುದುಕನಾಗಿ ಇಳೀತಾನೆ," ಎಂದಳು.

"ಶ್! ಮಾತಾಡಿಸ್ಬೇಡಿ ಸಿತ್. ಎಣಿಸ್ತಿದೀನಿ."

"ಮೂರನೇ ಉತ್ತರ ಒತ್ತೋ."

"ಗೊತ್ತು. ಒತ್ತಲ್ಲ."

"ಯಾಕೆ?"

"ಇವಳು ಏನೋ ಎಣಿಸ್ತಿದಾಳೆ. ಕೈ ನೋಡಿ."

ವಿಜ್ದಾನ್ ಬಗ್ಗಿ ನೋಡಿದಳು. ಮುದುಕಿಯ ಮಡಿಲಲ್ಲಿ ನಾಲ್ಕೈದು ಬೂದು ಚುಕ್ಕೆಗಳು. ಅದು ಕೈ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಅದರಲ್ಲಿ ಒಂದು ಚುಕ್ಕೆ ಅಲುಗುತ್ತಿತ್ತು. ಹೆಬ್ಬೆರಳು.

"ಜಪಮಾಲೆ ಅನ್ಸುತ್ತೆ," ಎಂದ ದುರ್ಗಾಮ್. "ನನ್ನಜ್ಜಿ ಹೀಗೇ ಮಾಡ್ತಾಳೆ. ಅಜ್ಜಿ ಎಣಿಸ್ತಿರುವಾಗ ಮಧ್ಯೆ ಬಾಯಿ ಹಾಕಿದ್ರೆ ಚಪ್ಪಲಿ ಬರುತ್ತೆ. ಅದಕ್ಕೇ ಇವಳೂ ಎತ್ತಿ ಎಸೆಯೋದು ಅಂತ ನಂಗನ್ಸಿದ್ದು. ನಿನ್ನೆ ಇಪ್ಪತ್ತರವರೆಗೆ ಬಂದಿದ್ಲು. ಯಾವನೋ ದನದಂಥವನು ಕಾಲು ತಗುಲಿಸಿ ವೈರ್ ಕಿತ್ತ. ಅಜ್ಜಿ ಮಾಲೇಲಿ ಮೂವತ್ತಮೂರು ಮಣಿ, ಇವತ್ತು ಇವಳೂ ಅಷ್ಟಕ್ಕೆ ಮುಗಿಸ್ತಾಳೆ."

ಮೂವತ್ತಮೂರಾಯಿತು. ಬೆರಳು ನಿಲ್ಲಲಿಲ್ಲ.

"ಮೂರು ಸುತ್ತು ಇರ್ಬೇಕು," ಎಂದ ಅವನು. ಜಾಯ್‌ಸ್ಟಿಕ್ಕನ್ನು ಯಾರೂ ಮುಟ್ಟದಂತೆ ತೊಡೆಯ ಕೆಳಗೆ ಇಟ್ಟುಕೊಂಡ. "ತೊಂಬತ್ತೊಂಬತ್ತು."

ಹುಡುಗರು ಒಬ್ಬೊಬ್ಬರಾಗಿ ತಮ್ಮ ಆಟ ಬಿಟ್ಟು ಬಂದು ನಿಂತರು. ಯಾರೋ ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚಿದ. ವಿಜ್ದಾನ್‌ಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತಾರು ವರ್ಷ ಅವಳದಾಗಿದ್ದ ಆಟದಲ್ಲಿ ಈ ಸೋಮಾರಿ ಹೊಸದೇನು ಕಂಡಾನು? ಹಿಂದೆಯೇ ಲೆಕ್ಕ ಹೊಳೆಯಿತು. ಈ ದ್ವಾರದಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ನಿಲ್ಲಲು ಆಗಿನ ಮಕ್ಕಳ ಬಳಿ ಕರೆಂಟು ಎಲ್ಲಿತ್ತು? ಅವರು ಈ ಮುದುಕಿಯ ಮುಖ ನೋಡಿದ್ದೇ ಇಲ್ಲ. ಉತ್ತರ ಒತ್ತಿ ಓಡಿದ್ದಷ್ಟೆ.

ತೊಂಬತ್ತೊಂಬತ್ತೂ ಆಯಿತು. ಬೆರಳು ಇನ್ನೂ ಅಲುಗುತ್ತಿತ್ತು.

"ನಿನ್ನಜ್ಜಿಗೆ ಎಣಿಸೋಕೆ ಬರಲ್ಲ ಕಣೋ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

"ಬಾಯ್ಮುಚ್ಕೊಂಡಿರ್ರೋ," ಎಂದಳು ವಿಜ್ದಾನ್. ಶಾಲೆಯ ದನಿ. ನಗು ನಿಂತಿತು.

ನೂರೆಂಟಕ್ಕೆ ಮುದುಕಿ ಕೈ ನಿಲ್ಲಿಸಿದಳು. ಎದ್ದಳು. ಅವಳು ಎದ್ದದ್ದನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ಅವಳ ಹಿಂದಿನ ಗೋಡೆ ಪಕ್ಕಕ್ಕೆ ಸರಿಯಿತು. ಒಳಗೆ ಅಗಲವಾದ ಮೆಟ್ಟಿಲು, ಕೆಳಗೆ ನೀರಿನ ಸದ್ದು.

"ನೂರೆಂಟಾ? ಇದ್ಯಾವ ಲೆಕ್ಕ?" ಎಂದರು ಯಾರೋ. ಉತ್ತರ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು.

ದುರ್ಗಾಮ್ ತೊಡೆಯ ಕೆಳಗಿನ ಜಾಯ್‌ಸ್ಟಿಕ್ಕನ್ನು ವಿಜ್ದಾನಳತ್ತ ಚಾಚಿದ. "ನೀವು ಮೊದ್ಲು ಇಳೀರಿ ಸಿತ್. ನಿಮ್ಮ ಬಾವಿ."

ಅವಳಿಗೆ ಆಸೆಯಾಯಿತು, ಬಾಯಲ್ಲಿ ನೀರೂರುವಷ್ಟು ಆಸೆ. "ಕಂಡುಹಿಡಿದೋನು ನೀನು. ಇಳಿ," ಎಂದಳು.

ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತ. ಗೋಡೆ ನೋಡಿದ, ಚಾವಣಿ ನೋಡಿದ. ಆತುರಪಡಲಿಲ್ಲ.

ಅಷ್ಟರಲ್ಲಿ ಗಲ್ಲಾಪೆಟ್ಟಿಗೆ ಬಿಟ್ಟು ಬಂದ ಮುಅಯ್ಯದ್ ಹುಡುಗರನ್ನು ಮೊಣಕೈಯಿಂದ ತಳ್ಳಿ ಮುಂದೆ ನಿಂತಿದ್ದ. "ಎಡಗಡೆ ಹೋಗೋ ಕತ್ತೆ, ಎಡಗಡೆ!"

"ಅಣ್ಣಾ, ನೀವೂ ನೋಡಿಲ್ವಲ್ಲ ಇದನ್ನ. ಎಡಗಡೆ ಅಂತ ಹೆಂಗೊತ್ತು?"

"ಗೊತ್ತಿಲ್ಲ. ನಡಿ."

"ನೋಡ್ಕೊಂಡು ಹೋಗ್ತೀನಿ ಇರಿ. ಅವಸರ ಮಾಡಿ ನೀವೆಲ್ಲ ಅರ್ಧ ಆಟ ಕಳ್ಕೊಂಡ್ರಿ."

ಬೇರೆ ದಿನವಾಗಿದ್ದರೆ ವಿಜ್ದಾನ್ ಅವನ ಕಿವಿ ಹಿಂಡುತ್ತಿದ್ದಳು. ಈಗ ಹೆಮ್ಮೆಯಿಂದ ಅವಳ ಬೆನ್ನು ನೆಟ್ಟಗಾಯಿತು. ಹುಡುಗರ ತಲೆಗಳ ಮೇಲಿಂದ ತಮ್ಮನನ್ನು ಕರೆದಳು. "ತೀರ್ಪು ಹೇಳೋ. ನಾಡಿದ್ದಿನವರೆಗೆ ಕಾಯ್ಬೇಕಾ?"

ಮುಅಯ್ಯದ್ ತೆರೆಯಿಂದ ಕಣ್ಣು ಕೀಳದೆ ಮೊಬೈಲ್ ಕವರಿನವನಿಗೆ ಫೋನ್ ಮಾಡಿದ. "ಆ ಜಾಗ ಇಲ್ಲಪ್ಪ, ಕೊಡಲ್ಲ," ಎಂದ. ಆ ಕಡೆಯವನು ಏನೋ ಕೇಳಿರಬೇಕು. "ಯಾಕೆ ಅಂದ್ರೆ ಹುಡುಗ್ರು ಆಡ್ತಿದಾರೆ," ಎಂದು ಹೇಳಿ ಫೋನ್ ಇಟ್ಟ.

ಬಾಗಿಲಲ್ಲಿ ಹಲ್ಲಿನ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. "ಏನಮ್ಮಾ ಗಲಾಟೆ? ನಿನ್ನ ನಲವತ್ತೊಂದು ನಿಮಿಷ ಮುರಿದ್ರಾ?"

"ಅದನ್ನ ಯಾರೂ ಮುರಿಯಲ್ಲ ಡಾಕ್ಟ್ರೇ," ಎಂದಳು ವಿಜ್ದಾನ್. "ಇವನು ಅದಕ್ಕಿಂತ ದೊಡ್ಡದು ಮಾಡಿದ. ನಮ್ಮ ದುರ್ಗಾಮ್. ಟುಕ್‌ಟುಕ್ ದುರ್ಗಾಮ್. ಬನ್ನಿ, ಅವನ ಪಕ್ಕದಲ್ಲಿ ಜಾಗ ಮಾಡಿಸ್ತೀನಿ."