ನೀಲಿ ಪಟ್ಟಿ

ಕತ್ತರಿಸಲು ಬಟ್ಟೆ ಹಾಸಿದರೆ ಸಾಕು, ಬೆಕ್ಕು ಬಂದು ನಟ್ಟನಡುವೆ ಮಲಗುತ್ತಿತ್ತು. ಎಷ್ಟೇ ಅವಸರವಿದ್ದರೂ ಟೈಲರ್ ಅಕ್ಕ ಅದನ್ನು ಎಬ್ಬಿಸುತ್ತಿರಲಿಲ್ಲ. "ನನ್ನ ಬಿಟ್ಟು ಬೇರೆಯವರ ಹತ್ರ ಸುಳಿಯೋದೇ ಇಲ್ಲ ಇದು," ಎಂದು ಗಿರಾಕಿಗಳ ಮುಂದೆ ಬೀಗುತ್ತಿದ್ದಳು. ಅದರ ಕೊರಳಿಗೆ ಕೆಂಪು ಪಟ್ಟಿಯನ್ನೂ ಹೊಲಿದು ಕಟ್ಟಿದ್ದಳು.

ನಿನ್ನೆ ಮಧ್ಯಾಹ್ನ ಆ ಮಹಾರಾಯ ನೀಲಿ ಪಟ್ಟಿ ಕಟ್ಟಿಸಿಕೊಂಡು ಬಂದ. ಅಂಚು ತಿರುವಿ ನೋಡಿದವಳಿಗೆ ಆ ಒತ್ತೊತ್ತು ಹೊಲಿಗೆ ಯಾರದೆಂದು ಕೇಳಬೇಕಾಗಲಿಲ್ಲ. ತನ್ನ ಹತ್ತಿರವೇ ಕೆಲಸ ಕಲಿತು, ಎದುರಿಗೇ ಅಂಗಡಿ ಹಾಕಿದ ನಾದಿನಿಯದು.

"ಉಂಡ ಮನೆಗೇ ಎರಡು ಬಗೆದ್ಯಲ್ಲೋ!" ಎಂದು ಅದನ್ನು ಕಿತ್ತೆಸೆದು, ಹಳೆಯ ಅಳತೆಗೇ ಇನ್ನೊಂದು ಕೆಂಪು ಪಟ್ಟಿ ಹೊಲಿದಳು. ಕಟ್ಟಲು ಹೋದರೆ ಎರಡು ಬೆರಳು ಗಿಡ್ಡ.

ಎರಡು ಮನೆಯ ಹಾಲು ಕುಡಿದು ಆ ಕೊರಳು ಯಾವಾಗ ದಪ್ಪವಾಯಿತೋ ಅವಳಿಗೆ ತಿಳಿದಿರಲಿಲ್ಲ. ನಾದಿನಿಗೆ ತಿಳಿದಿತ್ತು.